ಪಂಪ್‌ಸೆಟ್ ಅಂಗಡಿಗೆ 40 ಸಾವಿರದೊಳಗೆ ಲ್ಯಾಪ್‌ಟಾಪ್: ಹೊಸದೋ, ಕಂಪನಿಯಿಂದ ಹೊರಬಿದ್ದ ಸೆಕೆಂಡ್ಸೋ?

ಪೈಪ್‌ಅಂಗಡಿ_ಸಾಗರ

ನಮಸ್ಕಾರ. ಸಾಗರದಲ್ಲಿ ನಮ್ಮದು ಪಂಪ್‌ಸೆಟ್, ಪಿವಿಸಿ ಪೈಪು, ಫಿಟಿಂಗ್ಸ್ ಅಂಗಡಿ. ಬಿಲ್ಲಿಂಗಿಗೆ ಇರೋ ಡೆಸ್ಕ್‌ಟಾಪು ನಾಲ್ಕನೇ ಜನರೇಶನ್ ಐ3. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಕೈ ಎತ್ತಿದರು, ಈ ಡಬ್ಬಕ್ಕೆ 11 ಹತ್ತೋದಿಲ್ಲ. ಯುಪಿಎಸ್ ಬ್ಯಾಟರಿ ಬೇರೆ ಸತ್ತಿದೆ, ಕರೆಂಟ್ ಹೋದರೆ ಅರ್ಧ ಬಿಲ್ಲಲ್ಲೇ ಎಲ್ಲ ಕಪ್ಪು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅದಕ್ಕೇ ಈ ಸಲ ಲ್ಯಾಪ್‌ಟಾಪು.

ಕೆಲಸ ದೊಡ್ಡದೇನಲ್ಲ. ಟ್ಯಾಲಿ ಪ್ರೈಮ್, ಜಿಎಸ್‌ಟಿ ಪೋರ್ಟಲ್ಲು, ಆಗೀಗ ಇ-ವೇ ಬಿಲ್ಲು, ವಾಟ್ಸಾಪ್ ವೆಬ್ಬಲ್ಲಿ ಕೊಟೇಶನ್ ಕಳಿಸೋದು. ಸುತ್ತಲಿನ ಪಂಚಾಯ್ತಿಗಳಿಗೆ ಮೋಟಾರ್ ರಿಪೇರಿ, ಪೈಪ್‌ಲೈನ್ ಸಾಮಾನಿನ ಕೊಟೇಶನ್ ಕನ್ನಡದಲ್ಲೇ ಕೊಡಬೇಕು, ಅದು ನುಡಿ ಸಾಫ್ಟ್‌ವೇರಿನಲ್ಲಿ. ಎಂಟ್ರಿ ಹಾಕೋದು ನನ್ನ ಹೆಂಡತಿ. ನಂಬರ್ ಪ್ಯಾಡ್ ನೋಡದೇ ಹೊಡೀತಾಳೆ, ಅದಿಲ್ಲದ ಕೀಬೋರ್ಡ್ ತಂದರೆ ಅದರ ಜೊತೆ ನನ್ನನ್ನೂ ಅಂಗಡಿಯಿಂದ ಹೊರಗೆ ಹಾಕ್ತಾಳೆ. ಪ್ರಿಂಟರ್ ಎಪ್ಸನ್ ಎಲ್‌ಎಕ್ಸ್-310, ಕಾರ್ಬನ್ ಕಾಪಿ ಬೇಕಾದ್ದರಿಂದ ಡಾಟ್ ಮ್ಯಾಟ್ರಿಕ್ಸ್ ಬಿಡೋ ಮಾತೇ ಇಲ್ಲ. ಸಂಜೆ ಮೇಲೆ ಪಿಯುಸಿ ಓದೋ ಮಗಳಿಗೆ ಕ್ಲಾಸಿನ ವಿಡಿಯೋ.

ನೋಡಿಟ್ಟಿರೋದು ಮೂರು. ರೈಜೆನ್ 3 7320ಯು ಇರೋ ಹೊಸದು, 8 ಜಿಬಿ, 33 ಸಾವಿರ ಅಂತಾರೆ. ಐ3-1215ಯು ಇರೋ ಹೊಸದು, ಅದೂ 8 ಜಿಬಿ, 38 ಸಾವಿರ. ಮೂರನೇದು, ಬೆಂಗಳೂರಲ್ಲಿರೋ ಬಾವಮೈದ ಹೇಳ್ತಾ ಇರೋದು: ಎಸ್‌ಪಿ ರೋಡಲ್ಲಿ ಥಿಂಕ್‌ಪ್ಯಾಡ್ ಟಿ480, ಐ5, 16 ಜಿಬಿ, 22 ಸಾವಿರಕ್ಕೆ. "ಬಾವ, ಕಣ್ಮುಚ್ಚಿ ತಗೊಳ್ಳಿ" ಅಂತಾನೆ. ಕಣ್ಮುಚ್ಚಿ ತಗೊಂಡ ಸಾಮಾನಿಗೆ ವಾಪಸ್ ಬರೋ ಗಿರಾಕಿಗಳನ್ನ ದಿನಾ ನೋಡೋನು ನಾನು, ಅದಕ್ಕೇ ಇಲ್ಲಿ ಕೇಳ್ತಾ ಇದೀನಿ.

ಯೂಟ್ಯೂಬಿನಲ್ಲಿ ನೋಡಿದ್ದೆಲ್ಲ ಗೇಮು, ಎಡಿಟಿಂಗು, ಬೆಂಚ್‌ಮಾರ್ಕು. ಅಂಗಡಿ ನಡೆಸೋರು ಯಾರಾದರೂ ಹೇಳಿ.

ಸ್ಕ್ರೂಡ್ರೈವರ್_ಬೆಂಗ್ಳೂರು

ಸರ್, ನಾನು ಲ್ಯಾಪ್‌ಟಾಪ್ ರಿಪೇರಿ ಮಾಡೋನು, ಹಳೇದನ್ನ ಮಾರ್ತೀನಿ ಕೂಡ. ಹಂಗಾಗಿ ಮೂರನೇದರ ಬಗ್ಗೆ ನಾನು ಹೇಳೋದನ್ನ ಒಂಚೂರು ಉಪ್ಪು ಖಾರ ಕಮ್ಮಿ ಮಾಡ್ಕೊಂಡು ಓದಿ.

ಮೊದಲನೇದನ್ನ ಪಟ್ಟಿಯಿಂದ ತೆಗೀರಿ. 7320 ಅಂತ ನಂಬರ್ ದೊಡ್ಡದಾಗಿ ಕಾಣುತ್ತೆ. ಎಎಂಡಿಯ ಈ ಸರಣಿಯಲ್ಲಿ ಒಳಗಡೆ ಏನಿದೆ ಅಂತ ಹೇಳೋದು ಮೂರನೇ ಅಂಕಿ. ಇಲ್ಲಿ ಅದು 2, ಅಂದ್ರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ. ರೈಜೆನ್ 5 7520ಯು ಅಂತ ಇನ್ನೂ ಜೋರಾಗಿ ಮಾರ್ತಾರಲ್ಲ, ಅದೂ ಇದೇ ಮನೆಯದು, ನಾಲ್ಕೇ ಕೋರು. 7530ಯು ಆದ್ರೆ ಬೇರೆ ಮಾತು, ಅದು ಝೆನ್ 3, ಆರು ಕೋರು. ನಂಬರಲ್ಲಿ ಹತ್ತರ ವ್ಯತ್ಯಾಸ, ಒಳಗಡೆ ಒಂದು ತಲೆಮಾರು.

ಟ್ಯಾಲಿಗೆ 7320 ಸಾಲೋದಿಲ್ಲ ಅಂತಲ್ಲ, ಧಾರಾಳ ಸಾಕು. ನನ್ನ ತಕರಾರು ರ‍್ಯಾಮಿಂದು. ಆ ಚಿಪ್ಪಿಗೆ ಎಲ್‌ಪಿಡಿಡಿಆರ್5 ಅನ್ನೋ ಥರದ ರ‍್ಯಾಮ್ ಒಂದೇ ಆಗೋದು, ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. 8 ಜಿಬಿಯಲ್ಲಿ ಗ್ರಾಫಿಕ್ಸಿಗೆ ಒಂದು ಪಾಲು ಹೋಗುತ್ತೆ, ವಿಂಡೋಸ್ 11 ತಾನೇ ಒಂದು ಪಾಲು ತಿನ್ನುತ್ತೆ, ಮೇಲೆ ಕ್ರೋಮಲ್ಲಿ ಜಿಎಸ್‌ಟಿ ಪೋರ್ಟಲ್ಲು, ವಾಟ್ಸಾಪು. ಇವತ್ತು ನಡೆಯುತ್ತೆ. ಮೂರು ವರ್ಷ ಬಿಟ್ಟು ನನ್ನ ಹತ್ರ ತಂದು "ಸ್ಲೋ ಆಗಿದೆ, ರ‍್ಯಾಮ್ ಹಾಕಿ" ಅಂದ್ರೆ ನಾನು ಕೈ ಮುಗೀಬೇಕಾಗುತ್ತೆ.

1215ಯು 2022ರದ್ದು, ಎರಡು ದೊಡ್ಡ ಕೋರು, ನಾಲ್ಕು ಚಿಕ್ಕವು. ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಆದ್ರೆ ಒಂದೇ ಪ್ರೊಸೆಸರ್ ಹಾಕಿ ಕಂಪನಿಗಳು ಹತ್ತು ಥರ ಮಾಡ್ತವೆ: ಒಂದರಲ್ಲಿ ಎರಡು ರ‍್ಯಾಮ್ ಸ್ಲಾಟು, ಒಂದರಲ್ಲಿ ಬೆಸುಗೆ ಜೊತೆ ಒಂದು ಸ್ಲಾಟು, ಇನ್ನೊಂದರಲ್ಲಿ ಪೂರ್ತಿ ಬೆಸುಗೆ. ಡಬ್ಬದ ಮೇಲೆ ಇದನ್ನ ಬರೆಯಲ್ಲ. ಶೋರೂಮಲ್ಲಿ ಡೆಮೋ ಪೀಸ್ ಇದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ "ಸ್ಲಾಟ್ಸ್ ಯೂಸ್ಡ್" ಅಂತ ಇರುತ್ತೆ. "ಫಾರ್ಮ್ ಫ್ಯಾಕ್ಟರ್" ಎದುರಿಗೆ "ರೋ ಆಫ್ ಚಿಪ್ಸ್" ಅಂತ ಇದ್ರೆ ಅದು ಬೆಸುಗೆ, "ಸೋಡಿಮ್" ಅಂತ ಇದ್ರೆ ಕಿತ್ತು ಹಾಕಬಹುದು. ಕಂಪನಿ ವೆಬ್‌ಸೈಟಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿ ಇನ್ನೊಂದು ಸಲ ನೋಡ್ಕೊಳ್ಳಿ, ಟಾಸ್ಕ್ ಮ್ಯಾನೇಜರ್ ಒಂದೊಂದು ಸಲ ಸುಳ್ಳು ಹೇಳುತ್ತೆ.

ಇನ್ನು ಟಿ480. 2018ರ ಮಾಡೆಲ್ಲು, ಎಂಟನೇ ಜನರೇಶನ್. ವಿಂಡೋಸ್ 11 ಒಪ್ಪೋ ಇಂಟೆಲ್ ಶುರುವಾಗೋದೇ ಅಲ್ಲಿಂದ. ಒಂದು ಮೆಟ್ಟಿಲು ಕೆಳಗಿನ ಟಿ470 ತಗೊಂಡ್ರೆ ನಿಮ್ಮ ಡೆಸ್ಕ್‌ಟಾಪಿನ ಕತೆನೇ ಮತ್ತೆ. ಎರಡು ರ‍್ಯಾಮ್ ಸ್ಲಾಟು, ನಿಜವಾದ ಲ್ಯಾನ್ ಪೋರ್ಟು, ಎರಡು ಬ್ಯಾಟರಿ. ಒಂದು ಒಳಗೆ, ಒಂದು ಹೊರಗೆ, ಹೊರಗಿಂದನ್ನ ಚಾಲೂ ಇರುವಾಗಲೇ ಬದಲಾಯಿಸಬಹುದು. ಕೀಬೋರ್ಡು, ಫ್ಯಾನು, ಹಿಂಜು ಎಲ್ಲಾ ಎಸ್‌ಪಿ ರೋಡಲ್ಲಿ ಬಿಡಿಬಿಡಿಯಾಗಿ ಸಿಗುತ್ತೆ. ತಗೊಳ್ಳೋದಾದ್ರೆ ಬಯಾಸ್ ಪಾಸ್‌ವರ್ಡ್ (ವಿಂಡೋಸಿಗೂ ಮುಂಚಿನ ಸೆಟ್ಟಿಂಗಿಗೆ ಹಾಕೋ ಬೀಗ) ಇಲ್ಲ ಅಂತ ಎದುರಿಗೇ ಒಳಗೆ ಹೋಗಿ ತೋರಿಸೋಕೆ ಹೇಳಿ. ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜಿಗೆ ಎಷ್ಟು ಹಿಡಿಯುತ್ತೆ ನೋಡಿ. ಸ್ಕ್ರೀನಲ್ಲಿ ಹೆಚ್ಚಾಗಿ ಸಿಗೋದು ಎರಡು ಥರ, 1366 x 768ರ ಮಂಕು ಪ್ಯಾನೆಲ್ಲು ಮತ್ತೆ ಫುಲ್ ಎಚ್‌ಡಿ ಐಪಿಎಸ್ಸು. 22 ಸಾವಿರಕ್ಕೆ ಮೊದಲನೇದು ಕೊಟ್ರೆ ಎದ್ದು ಬನ್ನಿ.

ಒಂದೇ ಕೊರತೆ: 14 ಇಂಚು, ನಂಬರ್ ಪ್ಯಾಡ್ ಇಲ್ಲ. ಅಕ್ಕನಿಗೆ ಯುಎಸ್‌ಬಿ ಕೀಬೋರ್ಡ್ ಕೊಡಿಸಿ.

ಡಿಟಿಪಿ_ಧಾರವಾಡ

ಸಾಗರದ ಅಣ್ಣಾರಿಗೆ ನಮಸ್ಕಾರ್ರೀ. ಪ್ರೊಸೆಸರ್ ಬಗ್ಗೆ ಮ್ಯಾಲಿನವರು ಚಲೋ ಹೇಳ್ಯಾರ, ನಾ ಅದಕ್ಕ ಕೈ ಹಾಕಂಗಿಲ್ಲ. ಆದ್ರ ಸ್ಕ್ರೀನ್ ಬಗ್ಗೆ ಒಂದು ಸಾಲಿನಾಗ ಮುಗಿಸ್ಯಾರ ನೋಡ್ರಿ. ದಿನಾ ಅಕ್ಷರ ನೋಡಾಂವ ನಾ, ನನಗ ಅದ ಮೊದಲನೇದು.

ಅಗ್ಗದ ಲ್ಯಾಪ್‌ಟಾಪಿನಾಗ ಹೊಸಾವೂ ಬಹಳಷ್ಟು 250 ನಿಟ್ಸಿನ ಸ್ಕ್ರೀನ್ ಇರ್ತಾವ, ನಿಟ್ಸ್ ಅಂದ್ರ ಸ್ಕ್ರೀನಿನ ಬೆಳಕಿನ ಅಳತಿ. ಮನಿಯೊಳಗ ಸಾಕು. ನಿಮ್ಮಂಗ ರಸ್ತಾಕ್ಕ ಬಾಗಲಾ ತಗದಿಟ್ಟ ಅಂಗಡ್ಯಾಗ ಮಧ್ಯಾಹ್ನ ಸ್ಕ್ರೀನಿನ್ಯಾಗ ಲೆಕ್ಕ ಕಾಣೂದಿಲ್ಲ, ನಿಮ್ಮ ಮಾರಿ ಕಾಣ್ತದ. ಮ್ಯಾಟ್ ಐತೋ ಹೊಳಿತದೋ ನೋಡ್ರಿ. ಕೌಂಟರಿನ ಆಕಡೆ ನಿಂತ ಗಿರಾಕಿಗೆ ರೇಟ್ ತೋರಸಾಕ ತಿರುಗಿಸ್ತೀರಲ್ಲಾ, ಆವಾಗ ಬಾಜೂಕಿಂದ ಬಣ್ಣ ಉಲ್ಟಾ ಆದ್ರ ಅದು ಟಿಎನ್ ಅನ್ನೂ ಅಗ್ಗದ ಪ್ಯಾನಲ್, ಬ್ಯಾಡ ಅನ್ರಿ.

ನುಡಿ ಮಾತು. ಪಂಚಾಯ್ತಿಗೆ ನುಡಿ 01 ಇ ಫಾಂಟಿನಾಗ ವರ್ಡ್ ಫೈಲ್ ಕಳಸ್ತಿದ್ರ, ಅಲ್ಲಿ ಆ ಫಾಂಟ್ ಇರಲಿಲ್ಲಂದ್ರ ನಿಮ್ಮ ಕೊಟೇಶನ್ ಇಂಗ್ಲಿಷ್ ಅಕ್ಷರದ ಕಸಾ ಆಗಿ ಕಾಣ್ತದ. ಹೊಸಾ ಮಶಿನಿಗೆ ಹೋಗೂ ಹೊತ್ತಿನಾಗ, ಆ ಫಾಂಟ್ ಇಲ್ಲದ ಮಶಿನಿನಾಗೂ ಓದಾಕ ಬರೂ ಯುನಿಕೋಡಿಗೆ ಬರ್ರಿ. ನುಡಿಯೊಳಗ ಯುನಿಕೋಡ್ ಐತಿ, ಕೀಲಿಮಣೆ ವಿನ್ಯಾಸ ಅದ ಇರ್ತದ, ಬೆರಳಿಗೆ ಹೊಸಾದೇನೂ ಕಲಸೂದಿಲ್ಲ. ಹಳೇ ಫೈಲು ಕನ್ವರ್ಟರಿನಾಗ ಹಾಕಿ ಬದಲಾಯಿಸ್ರಿ, ಆದ್ರ ಒತ್ತಕ್ಷರ ಒಮ್ಮೆ ಕಣ್ಣಾಡಿಸ್ರಿ. ಕಳಸೂದು ಮಾತ್ರ ಪಿಡಿಎಫ್.

ಟಿ480 ಬಗ್ಗೆ ನಂದು ಬ್ಯಾರೇ ಮಾತ್ರೀ. ಬೆಂಗಳೂರಾಗ ಅದು ಬಂಗಾರ. ಸಾಗರದಾಗ ಅದರ ಬೋರ್ಡ್ ಹೋದ್ರ ಯಾರ ಕೈಗೆ ಕೊಡ್ತೀರಿ? ಬಾವಮೈದ ಬಸ್ಸಿಗೆ ಹಾಕಿ ತರಸ್ಕೊಂಡು, ರಿಪೇರಿ ಮಾಡಿಸಿ ಮತ್ತ ಬಸ್ಸಿಗೆ ಹಾಕೂತನಕ ಬಿಲ್ ಪುಸ್ತಕದಾಗ ಬರೀತೀರೇನು?

ಲೆಕ್ಕದಕ್ಕ_ದಾವಣಗೆರೆ

ಮೂವರೂ ಬೆಲೆಯನ್ನು ಡಬ್ಬದ ಮೇಲಿರುವಂತೆ ಓದುತ್ತಿದ್ದೀರಿ. ತೆರಿಗೆ ಸಲಹೆ ಕೊಡುವುದು ನನ್ನ ಕಸುಬು, ಹಾಗಾಗಿ ಬೇರೆ ಥರ ಓದುತ್ತೇನೆ.

ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ 18. ನೀವು 38,000 ಕೊಟ್ಟರೆ ಅದರಲ್ಲಿ 32,203 ಸಾಮಾನಿನದು, 5,797 ತೆರಿಗೆ. ನೀವು ರೆಗ್ಯುಲರ್ ಡೀಲರಾದರೆ ಇದು ಇನ್‌ಪುಟ್ ಕ್ರೆಡಿಟ್ಟಾಗಿ ಬರುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇಷ್ಟು ಕಳೆಯಬಹುದು. ಸಣ್ಣ ವ್ಯಾಪಾರಿಗಳ ಕಾಂಪೊಸಿಶನ್ ಸ್ಕೀಮಿನಲ್ಲಿದ್ದರೆ ಒಂದು ಪೈಸೆಯೂ ಇಲ್ಲ, ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್, ಅಂಗಡಿಯ ಹೆಸರು ಇರಲೇಬೇಕು. ಕೌಂಟರಿನಲ್ಲಿ ನಿಂತಿರುವಾಗಲೇ ಓದಿ ನೋಡಿ. ಆಮೇಲೆ ತಿದ್ದಿಸಿಕೊಳ್ಳಲು ಓಡಾಡುವ ಗಿರಾಕಿಗಳು ನನಗೆ ಪ್ರತಿ ತಿಂಗಳೂ ಸಿಗುತ್ತಾರೆ. ಮಾರಿದವರು ರಿಟರ್ನ್ ಹಾಕಿ ಅದು ಪೋರ್ಟಲ್ಲಿನ ನಿಮ್ಮ 2ಬಿ ಪಟ್ಟಿಯಲ್ಲಿ ಕಂಡ ಮೇಲೆಯೇ ಕ್ರೆಡಿಟ್ ತೆಗೆದುಕೊಳ್ಳಿ. ಮಗಳ ಕ್ಲಾಸಿಗೂ ಬಳಸುತ್ತೇವೆ ಎಂದು ಊರಿಗೆಲ್ಲ ಕಾಣುವಂತೆ ಬರೆದಿದ್ದೀರಿ, ಒಳ್ಳೆಯದು. ಕಾನೂನಿನ ಪ್ರಕಾರ ವ್ಯಾಪಾರದ ಪಾಲಿಗಷ್ಟೇ ಕ್ರೆಡಿಟ್.

ಸೆಕೆಂಡ್ಸ್ ಮಾಲಿನಲ್ಲಿ ಇದು ಬೇರೆ. ಹಳೆಯ ಸಾಮಾನು ಮಾರುವ ಹಲವರು ತಮ್ಮ ಮಾರ್ಜಿನ್ ಮೇಲೆ ಮಾತ್ರ ತೆರಿಗೆ ಕಟ್ಟುತ್ತಾರೆ. ಆ ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿ ಕಾಣುವುದಿಲ್ಲ, ನಿಮಗೆ ಕ್ರೆಡಿಟ್ಟೂ ಇಲ್ಲ. ಬಿಲ್ಲೇ ಬೇಡ ಅಂದರೆ ಇನ್ನೊಂದು ಸಾವಿರ ಕಡಿಮೆ ಎನ್ನುವವರೂ ಇರುತ್ತಾರೆ. ಹಾಗಾಗಿ 38ಕ್ಕೂ 22ಕ್ಕೂ ನಡುವೆ ಇರುವುದು ಹದಿನಾರು ಸಾವಿರವಲ್ಲ, ಹತ್ತು ಹನ್ನೊಂದು ಸಾವಿರ.

ಸವಕಳಿ: ಕಂಪ್ಯೂಟರಿಗೆ ವರ್ಷಕ್ಕೆ ಶೇ 40, ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ. ಕ್ರೆಡಿಟ್ ತೆಗೆದುಕೊಂಡ ತೆರಿಗೆಯ ಮೊತ್ತಕ್ಕೆ ಮತ್ತೆ ಸವಕಳಿ ಹಾಕುವಂತಿಲ್ಲ. ವಹಿವಾಟಿನ ಶೇಕಡಾ ಇಷ್ಟು ಲಾಭ ಎಂದು ಅಂದಾಜಿನಲ್ಲಿ ರಿಟರ್ನ್ ಹಾಕುವವರಾದರೆ ಸವಕಳಿ ಅದರಲ್ಲೇ ಸೇರಿಹೋಗಿದೆ, ಪ್ರತ್ಯೇಕ ಸಿಗದು.

ಲ್ಯಾಪ್‌ಟಾಪಿನ ಜೊತೆ ಆಫೀಸ್ ಫ್ರೀ ಎನ್ನುತ್ತಾರಲ್ಲ, ಅದರ ಹೆಸರು ಓದಿ. ಹೋಮ್ ಅಂಡ್ ಸ್ಟೂಡೆಂಟ್ 2021 ಆದರೆ ಅದರ ಲೈಸೆನ್ಸು ವ್ಯಾಪಾರಕ್ಕಲ್ಲ. ಮಗಳಿಗೆ ಇರಲಿ, ನೀವು ಲಿಬ್ರೆಆಫೀಸ್ ಹಾಕಿಕೊಳ್ಳಿ.

ಪೈಪ್‌ಅಂಗಡಿ_ಸಾಗರ

ಎಲ್ಲರಿಗೂ ಥ್ಯಾಂಕ್ಸ್. ನಾವು ರೆಗ್ಯುಲರ್ರೇ. ಅಕ್ಕ, ಮಗಳ ವಿಷಯ ಬರೆದದ್ದಕ್ಕೆ ಮನೇಲೂ ಬೈಸಿಕೊಂಡೆ.

ಶಿವಮೊಗ್ಗಕ್ಕೆ ಮಾಲು ತರೋಕೆ ಹೋಗಿದ್ವಿ, ಹಾಗೇ ಶೋರೂಮಿಗೂ ಹೋಗಿ ಬಂದ್ವಿ, ಹೆಂಡತಿನೂ ಜೊತೆಗಿದ್ದಳು. ಸೇಲ್ಸ್ ಹುಡುಗ ಶುರುವಲ್ಲೇ "ಸರ್, ಇದರಲ್ಲಿ ಎಐ ಇದೆ" ಅಂದ. ಮೂರು ಕೀ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದ ಮೇಲೆ ಸುಮ್ಮನಾಗಿ ಕುರ್ಚಿ ಹಾಕಿಕೊಟ್ಟ. 7320 ಇರೋದರಲ್ಲಿ ನೀವು ಹೇಳಿದ ಹಾಗೇ "ರೋ ಆಫ್ ಚಿಪ್ಸ್". 1215ಯು ಇರೋದು ಎರಡು ಕಂಪನಿಯದ್ದಿತ್ತು. ಒಂದು ಪೂರ್ತಿ ಬೆಸುಗೆ. ಇನ್ನೊಂದರಲ್ಲಿ ಎರಡು ಸ್ಲಾಟು, ಒಂದು ಖಾಲಿ, ಬೆಲೆ ಎರಡಕ್ಕೂ ಒಂದೇ! ಹುಡುಗನಿಗೇ ಗೊತ್ತಿರಲಿಲ್ಲ.

ಆಮೇಲೆ ನನ್ನ ಹೆಂಡತಿ ಕೂತಳು. ನೋಟ್‌ಪ್ಯಾಡ್ ತೆಗೆದು 3917, 8413, 3917, 8413 ಅಂತ ಹೊಡೀತಾ ಹೋದಳು. ಜಿಎಸ್‌ಟಿ ಬಿಲ್ಲಿಗೆ ಹಾಕೋ ಪೈಪು, ಪಂಪಿನ ಎಚ್‌ಎಸ್‌ಎನ್ ಕೋಡು, ದಿನಾ ಹೊಡೆಯೋದು ಅದೇ ತಾನೆ. ಒಂದರಲ್ಲಿ ನಂಬರ್ ಪ್ಯಾಡಿನ ಸೊನ್ನೆ ಅರ್ಧ ಸೈಜು, ಬಲಗಡೆ ಬಾಣದ ಕೀ ಅದರ ಜಾಗಕ್ಕೆ ತೂರಿಕೊಂಡು ಬಂದಿದೆ. ಹೆಬ್ಬೆರಳು ಹೋದಲ್ಲೆಲ್ಲ ಕರ್ಸರ್ ಓಡುತ್ತೆ. "ಇದರಲ್ಲಿ ಐನೂರು ಐವತ್ತಾಗುತ್ತೆ" ಅಂದಳು. ಎರಡು ಸ್ಲಾಟಿನದ್ದರಲ್ಲಿ ಸೊನ್ನೆ ಪರವಾಗಿಲ್ಲ, ಪ್ಲಸ್ ಮತ್ತೆ ಎಂಟರ್ ಮಾತ್ರ ಸಣ್ಣದು. ಒಪ್ಪಿದ್ದಾಳೆ, ಆದರೂ ಕೌಂಟರಿಗೆ ಅಂತ ಬೇರೆ ಕೀಬೋರ್ಡ್ ಬೇಕಂತೆ. ಯಾವ ಯೂಟ್ಯೂಬಿನವನೂ ಸೊನ್ನೆಯ ಅಗಲ ಅಳೆದು ತೋರಿಸಿದ್ದು ನಾನು ನೋಡಿಲ್ಲ.

ಧಾರವಾಡದ ಅಣ್ಣ, ಮಂಕು ಸ್ಕ್ರೀನಿನ ವಿಷಯ ಖರೆ. ಡೆಮೋ ಪೀಸನ್ನ ಬಾಗಿಲ ಹತ್ತಿರ ತಗೊಂಡು ಹೋಗ್ತೀನಿ ಅಂದೆ, ಸೆಕ್ಯೂರಿಟಿ ವೈರ್ ಇದೆ, ಬಿಡಲಿಲ್ಲ. ಟೇಬಲ್ ಜಾಗ ಬದಲಾಯಿಸಿ ಒಳಗೆ ಇಟ್ಟುಕೊಳ್ತೀನಿ.

ವಾರಂಟಿ ವಿಷಯ ಕೇಳಿದೆ. ಈ ಎರಡು ಸ್ಲಾಟಿನದ್ದಕ್ಕೆ ಆನ್‌ಸೈಟ್ ಅಂತ ಇದೆ, ನಮ್ಮ ಪಿನ್‌ಕೋಡ್ ಹಾಕಿಸಿ ನೋಡಿದ್ರೆ ಸಾಗರಕ್ಕೂ ಬರುತ್ತೆ. ಇನ್ನೊಂದು ಕ್ಯಾರಿ-ಇನ್, ಅಂದರೆ ನಾನೇ ಹೊತ್ತುಕೊಂಡು ಶಿವಮೊಗ್ಗಕ್ಕೆ ಬರಬೇಕು. ನನಗೆ ತೀರ್ಮಾನ ಮಾಡಿಸಿದ್ದು ಪ್ರೊಸೆಸರಲ್ಲ, ಇದು. ಬಾವಮೈದನಿಗೆ ಬೇಜಾರಾಗಿದೆ, ಇರಲಿ.

ಈಗ ಎರಡು ಪ್ರಶ್ನೆ. ಖಾಲಿ ಸ್ಲಾಟಿಗೆ ಡೆಸ್ಕ್‌ಟಾಪಿನ ರ‍್ಯಾಮ್ ಕಿತ್ತು ಹಾಕಬಹುದಾ? ಡಾಟ್ ಮ್ಯಾಟ್ರಿಕ್ಸಿಗೆ ಈಗ ದಪ್ಪ ಪ್ಯಾರಲಲ್ ಕೇಬಲ್ ಇದೆ, ಅದಕ್ಕೆ ಲ್ಯಾಪ್‌ಟಾಪಲ್ಲಿ ತೂತೇ ಇಲ್ಲ. ಏನು ಮಾಡೋದು?

ಮಳೆಕಾಡು

ತೀರ್ಥಹಳ್ಳಿಯಿಂದ ಒಂದು ಮಾತು. ಗುಡುಗು ಶುರುವಾದರೆ ಚಾರ್ಜರ್ ಜೊತೆ ಲ್ಯಾನ್ ವೈರನ್ನೂ ಕೀಳಿ. ಎಲ್ಲರೂ ಪ್ಲಗ್ ಕೀಳ್ತಾರೆ, ಮೋಡೆಮ್ಮಿಂದ ಬಂದ ವೈರ್ ಹಾಗೇ ಇರುತ್ತೆ, ಸಿಡಿಲಿನ ಹೊಡೆತ ಅದರಲ್ಲೇ ಬಂದು ಬೋರ್ಡ್ ಹೋಗುತ್ತೆ. ವೈಫೈ ಇದ್ದರೆ ವೈರೇ ಬೇಡ.

ಸ್ಕ್ರೂಡ್ರೈವರ್_ಬೆಂಗ್ಳೂರು

ಆನ್‌ಸೈಟ್ ಸಾಗರಕ್ಕೆ ಬರುತ್ತೆ ಅಂದ್ರೆ ನನ್ನ ವಾದ ಮುಗೀತು, ಅದನ್ನೇ ತಗೊಳ್ಳಿ. ಡೆಲಿವರಿ ತಗೊಳ್ಳುವಾಗ ಡೆಮೋ ಪೀಸಿನ ಮಾಡೆಲ್ ನಂಬರೂ ಡಬ್ಬದ ನಂಬರೂ ಕೊನೇ ಅಕ್ಷರದವರೆಗೆ ತಾಳೆ ನೋಡಿ. ಅಲ್ಲೇ ಆಟ ಆಡೋದು.

ಹಳೇ ರ‍್ಯಾಮ್ ಆಗಲ್ಲ. ನಾಲ್ಕನೇ ಜನರೇಶನ್ ಡೆಸ್ಕ್‌ಟಾಪು ಅಂದ್ರೆ ಡಿಡಿಆರ್3, ಇದಕ್ಕೆ ಬೇಕಾದ್ದು ಡಿಡಿಆರ್4 ಅಥವಾ 5, ಉದ್ದ ಕೂಡ ಬೇರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಚಿಪ್ಪೆಲ್ಲ ಎಐ ಸರ್ವರುಗಳ ಕಡೆ ಹರಿದು ಹೋಗ್ತಿದೆ. ಕ್ರೂಷಿಯಲ್ ಅಂತ ನಾವೆಲ್ಲ ಕಣ್ಮುಚ್ಚಿ ಹಾಕ್ತಿದ್ದ ಬ್ರಾಂಡನ್ನೇ ಮೈಕ್ರಾನ್ ನಿಲ್ಲಿಸ್ತೀವಿ ಅಂತ ಡಿಸೆಂಬರಲ್ಲಿ ಹೇಳಿಬಿಟ್ರು. ಸದ್ಯ 8ರಲ್ಲೇ ಓಡಿಸಿ. ಸ್ಲಾಟ್ ಎಲ್ಲೂ ಓಡಿಹೋಗಲ್ಲ.

ಎಲ್‌ಎಕ್ಸ್-310ರ ಹಿಂದುಗಡೆ ನೋಡಿ, ಪ್ಯಾರಲಲ್ ಪಕ್ಕದಲ್ಲೇ ಯುಎಸ್‌ಬಿನೂ ಇದೆ. ಸಾಮಾನ್ಯ ಪ್ರಿಂಟರ್ ಕೇಬಲ್ ಸಾಕು, ಕನ್ವರ್ಟರ್ ಕೊಡ್ತೀನಿ ಅಂದ್ರೆ ತಗೋಬೇಡಿ. ಟ್ಯಾಲಿಯಲ್ಲಿ ಪ್ರಿಂಟ್ ಹೊಡೆಯುವಾಗ ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟ್ ಇಟ್ರೆ ಸರ್ರಂತ ಬರುತ್ತೆ. ಬಿಲ್ಲಲ್ಲಿ ಕನ್ನಡ ಇದ್ರೆ ಮಾತ್ರ ನೀಟ್ ಮೋಡ್, ನಿಧಾನ ಆಗುತ್ತೆ. ಆ ಪ್ರಿಂಟರಿನ ಸ್ವಂತ ಫಾಂಟಲ್ಲಿ ಕನ್ನಡ ಇಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪ್ರಿಂಟರಿಗಿಲ್ಲ, ಆ ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿ ಪ್ರಿಂಟರ್ ಅದರ ಮೇಲೆ ಬಿಡಿ.

ಆನ್ ಮಾಡಿದ ದಿನವೇ ಇನ್ನೊಂದು ಕೆಲಸ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಹೊಸ ವಿಂಡೋಸ್ 11 ಶುರು ಮಾಡಿದ್ರೆ ಡಿಸ್ಕ್ ತಾನಾಗೇ ಲಾಕ್ ಆಗಿರಬಹುದು. ರಿಕವರಿ ಕೀ 48 ಅಂಕಿಯದ್ದು, ಆ ಅಕೌಂಟಲ್ಲಿ ಇರುತ್ತೆ. ಅದನ್ನ ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆಯಲ್ಲಿ ಇಡಿ. ವಾರಂಟಿಯಲ್ಲಿ ಬೋರ್ಡ್ ಬದಲಾಯಿಸಿದ ಮೇಲೆ ವಿಂಡೋಸ್ ಅದನ್ನ ಕೇಳುತ್ತೆ. ಮಗಳ ಮೇಲ್ ಐಡಿ ಹಾಕಿ ಶುರು ಮಾಡಬೇಡಿ, ಅವಳು ಕಾಲೇಜಿಗೆ ಅಂತ ಊರು ಬಿಟ್ಟ ಮೇಲೆ ಪಾಸ್‌ವರ್ಡ್ ಹುಡುಕ್ತಾ ಕೂರಬೇಕಾಗುತ್ತೆ.

ಲೆಕ್ಕದಕ್ಕ_ದಾವಣಗೆರೆ

ಡೆಸ್ಕ್‌ಟಾಪು ಬಿಚ್ಚುವ ಮೊದಲು ಟ್ಯಾಲಿ ಲೈಸೆನ್ಸ್ ಅದರಲ್ಲೇ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಸಿಂಗಲ್ ಯೂಸರ್ ಲೈಸೆನ್ಸು ಎರಡು ಕಡೆ ಕೂರುವುದಿಲ್ಲ. 20ನೇ ತಾರೀಕು ಹತ್ತಿರ ಬಂದಾಗ ಈ ಬದಲಾವಣೆ ಇಟ್ಟುಕೊಳ್ಳಬೇಡಿ, ಆ ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ 3ಬಿ, ಹಾಕಿ ಮುಗಿಸಿ ಮಾಡಿ. ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ) ಬಗ್ಗೆ ನೀವು ಕೇಳಿಲ್ಲ, ಆದರೆ ಶೋರೂಮಿನವರು ಹೆದರಿಸಬಹುದು: ಸ್ವಂತ ಮಾಲೀಕತ್ವದ ಅಂಗಡಿಗೆ ಒಟಿಪಿ ಸಾಕು.

ಪೈಪ್‌ಅಂಗಡಿ_ಸಾಗರ

ಯುಎಸ್‌ಬಿ ಇದೆ! ಪ್ರಿಂಟರ್ ತಿರುಗಿಸಿ ನೋಡಿದೆ, ತೂತಿನ ಮೇಲೆ ಸ್ಟಿಕ್ಕರ್ ಹಾಗೇ ಇತ್ತು. 3ಬಿ ಹಾಕಿದ ಮೇಲೆ ಹೋಗಿ ತರ್ತೀವಿ. ಹಳೇ ಹಾರ್ಡ್ ಡಿಸ್ಕನ್ನ ಬ್ಯಾಕಪ್ಪಿಗೆ ಬಳಸಬಹುದಾ?

ಸ್ಕ್ರೂಡ್ರೈವರ್_ಬೆಂಗ್ಳೂರು

ಬಳಸಬಹುದು. ಡೆಸ್ಕ್‌ಟಾಪಿಂದು 3.5 ಇಂಚು, ಅದಕ್ಕೆ ಬೇರೆ ಅಡಾಪ್ಟರ್ ಬರೋ ಕೇಸೇ ಬೇಕು, ಬರೀ ಯುಎಸ್‌ಬಿ ವೈರಲ್ಲಿ ತಿರುಗಲ್ಲ. ಅದೊಂದನ್ನೇ ನಂಬಬೇಡಿ, ಟ್ಯಾಲಿ ಬ್ಯಾಕಪ್ಪಿನ ಇನ್ನೊಂದು ಕಾಪಿ ಗೂಗಲ್ ಡ್ರೈವಿಗೂ ಹಾಕಿ. ಡೆಸ್ಕ್‌ಟಾಪಿಂದ ಕೀಳೋ ಮುಂಚೆ ಡಿಸ್ಕ್ ಓಡ್ತಿರುವಾಗಲೇ ಕಿವಿ ಕೊಟ್ಟು ಕೇಳಿ, ಟಿಕ್ ಟಿಕ್ ಅಂದ್ರೆ ಗುಜರಿಗೆ.